ಅವ್ವ ಕೂತಾಗ ಕೆಡುತ್ತಿದ್ದ ಗಾಜು

ನಮ್ಮ ಕಾರಿನ ಎಡಬಾಗಿಲಿನ ಗಾಜು ಅವ್ವ ಕೂತಾಗ ಮಾತ್ರ ಕೆಡುತ್ತಿತ್ತು. ಯಾರಿಗೆ ಹೇಳಿದರೂ ನಗುತ್ತಿದ್ದರು. ಎರಡು ಸಾವಿರದ ಇಸವಿಯ ಆಸುಪಾಸು. ಗುಂಡಿ ಒತ್ತಿದರೆ ಗಾಜು ಏರಿಳಿಯುವ ಕಾರು ಜೇವರ್ಗಿ ಕಾಲೋನಿಯ ನಮ್ಮ ಗಲ್ಲಿಗೆ ಹೊಸದು. ಕಾಲೇಜಿನಲ್ಲಿ ವಿದ್ಯುತ್ತಿನ ಪಾಠ ಹೇಳುವ ಮಾಸ್ತರ ನಾನು. ಸೆಕೆಂಡ್ ಹ್ಯಾಂಡ್ ಕಾರು ತಂದ ಮೊದಲ ವಾರವೆಲ್ಲ ಆ ಗಾಜು ಏರಿಸಿ ಇಳಿಸಿ ನೆರೆಯವರ ಮುಂದೆ ಮೆರೆದಿದ್ದೆ.

ಕಾರು ಕೊಂಡಿದ್ದೇ ಅವ್ವನಿಗಾಗಿ. ಕಮಲಾಪುರದಲ್ಲಿದ್ದ ಅವಳ ಅಕ್ಕ, ನಮ್ಮ ಮೌಶಿ, ಕೈಬೆರಳು ಸೆಟೆದು ಅಡುಗೆ ಬಿಟ್ಟಿದ್ದಳು. ಏಕಾದಶಿ ಹನಿ ನೀರೂ ಮುಟ್ಟದವಳು, ಮರುದಿನ ದ್ವಾದಶಿಗೆ ತಂಗಿ ಮಡಿಯಲ್ಲಿ ಮಾಡಿದ ಅಡುಗೆಯ ಹೊರತು ಏನನ್ನೂ ಉಣ್ಣುತ್ತಿರಲಿಲ್ಲ. ಸೊಸೆ ಎಷ್ಟು ಬೇಡಿಕೊಂಡರೂ ಅದೇ ಹಟ. ಬಸ್ಸಿನಲ್ಲಿ ಹೋದರೆ ಹತ್ತು ಜನರ ಮೈ ತಾಗಿ ಅವ್ವನ ಮಡಿ ಕೆಡುತ್ತದೆ. ಅದಕ್ಕೇ ಪ್ರತಿ ದ್ವಾದಶಿಯ ಬೆಳಿಗ್ಗೆ ನಾನು ಮುಂದಿನ ಸೀಟಿನ ಮೇಲೆ ಮಡಿಯ ಉಣ್ಣೆಯ ಧಾಬಳಿ ಹಾಸಿ, ಬಾಗಿಲನ್ನು ಇನ್ನೂ ಹೆಚ್ಚು ತೆರೆಯಲಾಗದಷ್ಟು ತೆರೆದು, ಮೊಣಕಾಲಿನಿಂದ ಒತ್ತಿ ಹಿಡಿದು ನಿಲ್ಲುತ್ತಿದ್ದೆ. ಅವ್ವ ಡಬ್ಬಿಗಳನ್ನು ಅವಚಿಕೊಂಡು, ಸೆರಗು ಎಲ್ಲಿಯೂ ತಾಗದಂತೆ ಒಳಗೆ ಕೂಡುತ್ತಿದ್ದಳು.

ಅವಳಿಗೆ ದಮ್ಮು. ಗಾಜು ಮುಚ್ಚಿದ್ದರೆ ಹತ್ತು ನಿಮಿಷ ಕೂಡಲಾರಳು, ಏಸಿ ಹಾಕಿದರೆ ಎದೆ ಹಿಡಿಯುತ್ತಿತ್ತು. ಮೊದಲೇ ಇಳಿಸಿಟ್ಟರೆ ಗಾಜು ಮತ್ತೆ ಏರುತ್ತಿರಲಿಲ್ಲ. ರಸ್ತೆ ಅಗಲ ಮಾಡುವ ಕೆಲಸ ನಡೆದಿದ್ದರಿಂದ ಧೂಳು ನುಗ್ಗಿ ಕೆಮ್ಮು ಶುರುವಾಗುತ್ತಿತ್ತು. ಊರಿನ ಮೂರು ಗ್ಯಾರೇಜು ತಿರುಗಿದೆ. ಅಲ್ಲಿಗೆ ಹೋದ ಕೂಡಲೇ ಆ ಹಾಳು ಗಾಜು ಜಾಣ ಮಗುವಿನಂತೆ ಏರಿಳಿಯುತ್ತಿತ್ತು. ಒಬ್ಬ ಸ್ವಿಚ್ ಬದಲಿಸಿದ, ಇನ್ನೊಬ್ಬ ಮೋಟರನ್ನೇ ಬದಲಿಸಿದ, ಮೂರನೆಯವನು ನನ್ನನ್ನೇ ಅನುಮಾನದಿಂದ ನೋಡಿದ.

ಎರಡು ದ್ವಾದಶಿ ಅರ್ಧ ದಾರಿಯಿಂದ ವಾಪಸಾದೆವು. ಎರಡೂ ಸಲ ಮೌಶಿ ತುಳಸಿ ನೀರು ಕುಡಿದು ಮಲಗಿದಳಂತೆ. ಸುದ್ದಿ ಕೇಳಿ ಅವ್ವನೂ ಉಣ್ಣಲಿಲ್ಲ. ಸಿಟ್ಟಿನಲ್ಲಿ ನಾನು, "ನಿನ್ನ ಮಡಿಗೆ ಅಂಜಿ ಗಾಜು ಕೂತದ" ಎಂದು ಚುಚ್ಚಿದೆ.

ಮೂರನೆಯ ಸಲ ಮಹಾಗಾಂವ ಕ್ರಾಸಿನ ಹತ್ತಿರ ಕೆಮ್ಮು ತಡೆಯದಾಯಿತು. ರಸ್ತೆಬದಿಯ ತಗಡಿನ ಶೆಡ್ಡಿನಲ್ಲಿ ಟೆಂಪೊಗಳ ವೈರಿಂಗ್ ಮಾಡುವ ಮುದುಕ ಮಿಸ್ತ್ರಿಯೊಬ್ಬನಿದ್ದ. ಮಡಿಯಲ್ಲಿರುವ ಅವ್ವ ಕೂತಾಗಷ್ಟೇ ಗಾಜು ಕೆಡುತ್ತದೆ ಎಂದು ಹೇಳಿ, ನಾನು ಕ್ಲಾಸಿನಲ್ಲಿ ನಿಂತವನ ಹಾಗೆ ಕರೆಂಟು, ರಿಲೇ ಎಂದು ಶುರುಮಾಡಿದೆ.

"ಅದೆಲ್ಲಾ ಇರ್ಲಿ ಸರ್," ಎಂದ ಅವನು. "ಅಮ್ಮಾರು ಹ್ಯಾಂಗ ಕೂಡ್ತಾರ, ಒಂದ್ಸಲ ತೋರಸ್ರಿ."

ತಾಗಬಾರದೆಂದು ಅವನೇ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತ. ಅವ್ವ ಇಳಿದಳು, ಕೂತಳು, ಮತ್ತೆ ಇಳಿದಳು. ಅವನು ನೋಡುತ್ತಿದ್ದದ್ದು ಅವಳನ್ನಲ್ಲ, ನನ್ನ ಮೊಣಕಾಲನ್ನು. ಅವ್ವ ಬೇವಿನ ನೆರಳಿಗೆ ಹೋದ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಬಾಗಿಲಿಗೂ ಕಾರಿನ ಮೈಗೂ ನಡುವೆ ವೈರುಗಳು ಹಾಯುವ ರಬ್ಬರ್ ಕೊಳವೆಯನ್ನು ಬಿಚ್ಚಿದ. ಕಣ್ಣು ಮುಚ್ಚಿ ಒಂದೊಂದೇ ವೈರನ್ನು ಸವರಿದ. ಒಂದರ ಮೇಲೆ ಬೆರಳುಗಳು ನಿಂತವು.

"ಗುಂಡಿ ಒತ್ತರಿ."

ಗಾಜು ಏರಿತು. ಬೆರಳು ಸಡಿಲಿಸಿದ, ನಿಂತಿತು. ಹಿಡಿದ, ಮತ್ತೆ ಏರಿತು. ಇಪ್ಪತ್ತು ವರ್ಷ ಕರಿಹಲಗೆಯ ಮೇಲೆ ನಾನು ಬರೆದು ಅಳಿಸಿದ ವಿದ್ಯುತ್ತು ಆ ಮುದುಕನ ಎರಡು ಬೆರಳುಗಳ ಮಾತು ಕೇಳುತ್ತಿತ್ತು.

ವೈರಿನ ಮೇಲ್ಸಿಪ್ಪೆ ನೆಟ್ಟಗಿತ್ತು. ಕತ್ತರಿಸಿ ತೋರಿಸಿದ: ಒಳಗಿನ ತಾಮ್ರ ತುಂಡಾಗಿತ್ತು. ಬಾಗಿಲನ್ನು ಮಿತಿ ಮೀರಿ ಒತ್ತಿದಾಗ ತುದಿಗಳು ಅಗಲುತ್ತಿದ್ದವು, ಸಾದಾ ತೆರೆದು ಬಡಿದರೆ ಕೂಡುತ್ತಿದ್ದವು. ಗ್ಯಾರೇಜಿನಲ್ಲಿ ಮಡಿಯವರಿಗೆಂದು ಯಾರು ಬಾಗಿಲು ತೆರೆಯುತ್ತಾರೆ!

ಬೇವಿನ ಕೆಳಗಿನಿಂದ ಅವ್ವನ ದನಿ ಬಂತು, ಸಣ್ಣದಾಗಿ: "ಹಂಗಾರ ಇಷ್ಟೆಲ್ಲಾ ನನ್ನ ಮಡಿಯಿಂದ ಆತೇನ್ರಿ?"

ಹೌದು ಎನ್ನಲು ನನ್ನ ನಾಲಿಗೆ ತುರಿಸುತ್ತಿತ್ತು. ಮಿಸ್ತ್ರಿ ನನಗಿಂತ ಮೊದಲೇ ಹೇಳಿದ: "ಇಲ್ಲಮ್ಮಾ. ವೈರ್ ಗಿಡ್ಡ ಇತ್ತು. ಗೇಣುದ್ದ ಜಾಸ್ತಿ ಹಾಕ್ತೀನಿ. ನೀವು ಬಾಗಿಲಾ ಪೂರಾ ತಗೀರಿ, ಆರಾಮ ಕೂಡ್ರಿ."

ಅವ್ವನ ಸ್ವಭಾವ ಬದಲಾಗಬೇಕೆಂದು ನಾನು ಹಟ ಹಿಡಿದಿದ್ದೆ, ಅವನು ವೈರನ್ನು ಉದ್ದ ಮಾಡಿದ.

ಕಮಲಾಪುರದಲ್ಲಿ ಮೌಶಿ ಬಾಗಿಲಲ್ಲೇ ಕೂತಿದ್ದಳು. ಡಬ್ಬಿ ಬಿಚ್ಚುತ್ತಲೇ ಅವ್ವ ಅಗಸೆ ಸೊಪ್ಪಿನ ಪಲ್ಯ, ಅನ್ನ, ತೊವ್ವೆ ಒಂದು ಚಿಕ್ಕ ಡಬ್ಬಿಗೆ ತೆಗೆದು ಪಕ್ಕಕ್ಕಿಟ್ಟಳು. ಆಮೇಲೆ ಅಕ್ಕನಿಗೆ ಬಡಿಸಿದಳು. ಮೌಶಿ ಎರಡು ಸಲ ಅನ್ನ ಹಾಕಿಸಿಕೊಂಡಳು.

ಬರುವಾಗ ಅವ್ವ ಶೆಡ್ಡಿನ ಮುಂದೆ ಕಾರು ನಿಲ್ಲಿಸಲು ಹೇಳಿ, ಮೊದಲ ಸಲ ತಾನೇ ಗುಂಡಿ ಒತ್ತಿ ಗಾಜು ಇಳಿಸಿದಳು. ಚಿಕ್ಕ ಡಬ್ಬಿ ಹೊರಗೆ ಚಾಚಿದಳು.

"ಉಳಿದದ್ದಲ್ರಿ ಅಣ್ಣಾ. ನಮ್ಮಕ್ಕಗ ಬಡಿಸೂಕಿಂತ ಮೊದಲ ನಿಮಗಂತ ತಗದಿಟ್ಟೀನಿ. ಮಡೀದು."

ಮಿಸ್ತ್ರಿ ಗ್ರೀಸಿನ ಕೈಯನ್ನು ಅಂಗಿಗೆ ಎರಡೆರಡು ಸಲ ಒರೆಸಿಕೊಂಡು ಡಬ್ಬಿ ಹಿಡಿದ. ಅವಳ ಬೆರಳುಗಳು ಅವನ ಬೆರಳುಗಳಿಗೆ ತಾಗಿದವು. ಇಬ್ಬರೂ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.