ಗಿಣಿ ಅಚ್ಚಿನ ಬುತ್ತಿ

ನಮ್ಮ ಅತ್ತಿ ತವರಿಂದ ತಂದಿದ್ದು ಒಂದು ಹಿತ್ತಾಳಿ ಕೊಡ, ಒಂದು ಗಂಟು ಸಕ್ರಿ ಆರತಿ ಅಚ್ಚು, ಮತ್ತ ಆ ಬಾಯಿ. ನಾನು ಸೊಸಿಯಾಗಿ ಬರೋದರಾಗ ಕೊಡ ತೂತು ಬಿದ್ದಿತ್ತು. ಬಾಯಿ ಮಾತ್ರ ಗಟ್ಟಿ ಇತ್ತು. ಅಚ್ಚಿನ ಗಂಟನ್ನ ಕೆಂಪು ಅರಿವ್ಯಾಗ ಕಟ್ಟಿ ಅಟ್ಟದ ಮ್ಯಾಲೆ ಇಟ್ಟಿದ್ಳು. ಆನಿ, ಕುದುರಿ, ನವಿಲು, ಗಿಣಿ, ಎಲ್ಲಾ ಕಟ್ಟಿಗ್ಯಾಗ ಕೆತ್ತಿದ್ದು. ಗೌರಿ ಹುಣ್ಣಿಮಿ ಬಂತಂದ್ರ ಅಚ್ಚಿನ ಎರಡು ಹೋಳು ಜೋಡಿಸಿ ದಾರ ಬಿಗಿದು, ಒಳಗ ಸಕ್ರಿ ಪಾಕ ಹೊಯ್ಯೋದು. ಆರಿದ ಮ್ಯಾಲೆ ಬಿಚ್ಚಿದ್ರ ಬೆಳ್ಳನ ಆನಿ ಎದ್ದು ನಿಂತಿರ್ತಿತ್ತು. ಹೆಣ್ಣು ಹುಡುಗ್ಯಾರು ಅದನ್ನ ಆರತಿ ತಟ್ಟ್ಯಾಗ ಇಟ್ಟುಕೊಂಡು ಗೌರಮ್ಮನ ಮುಂದ ಹೋಗೋರು. ಉಳಿದ ದಿನ ಆ ಗಂಟಿಗೆ ಯಾರೂ ಕೈ ಹಚ್ಚಂಗಿಲ್ಲ, ಅದು ಗೌರಿ ಮೀಸಲು ಅಂತ ಅತ್ತಿ ಹೇಳಿಟ್ಟಿದ್ಳು.

ಎಪ್ಪತ್ತರ ದಶಕದ ಮಾತು ಇದು. ಬಳ್ಳಾರಿ ಕೌಲ್ ಬಜಾರದಾಗ ನನ್ನ ಗಂಡನದು ಸೈಕಲ್ ರಿಪೇರಿ ಅಂಗಡಿ, ಅದರ ಹಿಂದೇ ಎರಡು ಖೋಲಿ ಮನಿ. ನಾನು, ಗಂಡ, ಎರಡನೇ ಕ್ಲಾಸ್ ಓದೋ ಮಗಳು, ಮತ್ತ ಅತ್ತಿ. ಅತ್ತಿಯ ದೊಡ್ಡ ಮಗ, ನನ್ನ ಭಾವ, ಕುರುಗೋಡದಾಗ ಹೊಲ ಮನಿ ನೋಡಿಕೊಂಡಿದ್ದ. ಅತ್ತಿ ಜೀವ ಎಲ್ಲಾ ಕುರುಗೋಡದಾಗ, ಮೈ ಮಾತ್ರ ನಮ್ಮ ಮನ್ಯಾಗ. ಯಾಕಂದ್ರ ಭಾವನ ಹೆಂಡ್ತಿ, ನನ್ನ ನೆಗೆಣ್ಣಿ, ಒಂದು ಅಂದ್ರ ಎರಡು ತಿರುಗಿಸಿ ಕೊಡಾಕಿ. ನಾನೇನು ಸುಮ್ಮನಿರಾಕಿ ಅಲ್ಲ. ಆದ್ರ ಸಿರುಗುಪ್ಪದಾಗ ನನಗಿದ್ದದ್ದು ಮುದುಕ ಅಪ್ಪ ಒಬ್ಬನೇ, ಹಿಂದ ನಿಂತು ಕೇಳೋರಿಲ್ಲ. ಅದು ಅತ್ತಿಗೆ ಚೊಲೋ ಗೊತ್ತಿತ್ತು.

ಆ ವರ್ಷ ಮಗಳು ಸಾಲಿಯಿಂದ ಡಬ್ಬಿ ತುಂಬಿದ್ದು ತುಂಬಿದಂಗೇ ವಾಪಸ್ ತರಾಕ ಹತ್ತಿದ್ಳು. ಯಾಕ ಅಂದ್ರ ಬಾಯಿ ಬಿಡವಲ್ಳು. ಒಂದು ದಿನ ಪ್ರಾರ್ಥನಿ ಸಾಲಿನಾಗ ತಲಿ ತಿರುಗಿ ಬಿದ್ದಳಂತ, ಅಕ್ಕೋರು ಆಯಾನ ಜೋಡಿ ಮನಿಗೆ ಕಳಿಸಿದ್ರು. ಸಂಜಿತನಕ ಕಾಡಿ ಬೇಡಿ ಕೇಳಿದ ಮ್ಯಾಲೆ ಹೇಳಿದ್ಳು. ದಿನಾ ಪೂರಿ, ಇಡ್ಲಿ ತರೋ ಹುಡುಗಿಯೊಬ್ಬಾಕಿ ಇವಳ ಡಬ್ಬ್ಯಾಗ ಹಣಿಕಿ ಹಾಕಿ, ಜ್ವಾಳದ ರೊಟ್ಟಿ ನೋಡಿ, ಇದರಾಗ ಕುಳ್ಳು ಐತಿ ನೋಡ್ರಿ ಅಂದಳಂತ. ಕುಳ್ಳು, ಸಗಣಿ ಬೆರಣಿ! ಸಾಲಿಗೆ ಸಾಲೇ ನಕ್ಕಿತಂತ. ಆವತ್ತಿಂದ ಮುಚ್ಚಳ ತಗದಿಲ್ಲ. ಕೇಳಿ ನನ್ನ ಮೈಯೆಲ್ಲಾ ಉರಿದು ಹೋಯ್ತು. ಆ ಹುಡುಗಿ ಮನಿ ಬಾಗಲಿಗೆ ಹೋಗಿ ಅವರವ್ವನ್ನ ಕೇಳೇ ಬರ್ತೀನಿ ಅಂತ ಸೆರಗು ಸಿಗಿಸಿದೆ. ಗಂಡ ಕೈ ಹಿಡಿದು ಕುಂದ್ರಿಸಿದ.

ಅತ್ತಿ ರಾಗಾನೇ ಬ್ಯಾರೆ. ಹೊಟ್ಟಿಗೆ ತಿನ್ನಲಾರದ ಹುಡುಗಿಗೆ ಸಾಲಿ ಯಾತಕ್ಕ, ಕುರುಗೋಡಿಗೆ ಕಳಿಸ್ರಿ, ಅಲ್ಲಿ ಎಮ್ಮಿ ಹೈನ ಐತಿ, ಮೈ ಕೈ ತುಂಬಿಕೊಂತಾಳ ಅಂದ್ಳು. ಹೈನದ ಮಾತು ಯಾರ ಮುಂದ ಹೇಳ್ತಿದ್ಳು ಆಕಿ? ನೆಗೆಣ್ಣಿಗೆ ಮೂರು ತುಂಬದ ಗಂಡು ಹುಡುಗ ಒಬ್ಬ, ತೊಟ್ಟಿಲದಾಗ ಮತ್ತೊಂದು ಕೂಸು. ಅವನ್ನ ಎತ್ತಿಕೊಳ್ಳಾಕ, ಇದನ್ನ ತೂಗಾಕ ಅಲ್ಲಿ ಕೈ ಬೇಕಾಗಿತ್ತು, ಅದೂ ಪುಗಸಟ್ಟೆ ಕೈ. ನಮ್ಮವ್ವ ಸತ್ತಾಗ ನನ್ನನ್ನೂ ಹಿಂಗೇ ನಾಲ್ಕನೇ ಕ್ಲಾಸಿಗೆ ಬಿಡಿಸಿ ಒಲಿ ಮುಂದ ಕುಂದ್ರಿಸಿದ್ರು. ಮಗಳಿಗೆ ಅದು ಆಗಬಾರದು ಅಂತ ನಾನು ಹಟ ಹಿಡಿದೆ. ಕಡೀಗೆ ಗಂಡ ಒಂದು ಮಾತು ಹೇಳಿದ. ಡಬ್ಬಿ ಖಾಲಿಯಾಗಿ ಬಂದ್ರ ಹುಡುಗಿ ಸಾಲಿಗೆ ಹೋಗ್ಲಿ, ತುಂಬಿ ಬಂದ್ರ ಕುರುಗೋಡಿಗೆ ಹೋಗ್ಲಿ ಅಂದ.

ಮರುದಿನದಿಂದ ನಾನು ರೊಟ್ಟಿ ಮ್ಯಾಲೆ ಸ್ಟೀಲ್ ಲೋಟ ಒತ್ತಿ ಸಣ್ಣ ಸಣ್ಣ ಚಂದ್ರ ಮಾಡಾಕ ಹತ್ತಿದೆ. ಎರಡು ಚಂದ್ರನ ನಡುವ ಬೆಣ್ಣಿ, ಶೇಂಗಾ ಚಟ್ನಿಪುಡಿ. ಮ್ಯಾಲೆ ಪುಟಾಣಿ ಬ್ಯಾಳಿ ಕಣ್ಣು, ಗಜ್ಜರಿ ಚೂರಿನ ಬಾಯಿ. ಅರ್ಧ ತಿಂದ್ಳು. ಉಪ್ಪಿಟ್ಟು ಬಟ್ಟಲಕ್ಕ ಒತ್ತಿ ಬೋರಲು ಹಾಕಿ ಗುಡ್ಡ ಮಾಡಿದೆ, ತುದಿಗೆ ಕರಿಬೇವಿನ ಎಸಳು ನೆಟ್ಟೆ. ಮುಕ್ಕಾಲು ತಿಂದ್ಳು. ಅತ್ತಿ ಉಳಿದ ಕಾಲನ್ನ ಡಬ್ಬ್ಯಾಗಿಂದ ತೋರಿಸಿ, ನೋಡಪ ನೋಡು ಅಂತ ಮಗನ್ನ ಕರೀತಿದ್ಳು. ಮೊಮ್ಮಗಳು ಉಪವಾಸ ಬಂದ ದಿನ ಆಕಿ ಮುಖದ ಮ್ಯಾಲೆ ಕಳೆ ಬರ್ತಿತ್ತು. ಇದನ್ನ ನಾನು ಸುಳ್ಳು ಹೇಳವಲ್ಲೆ, ಕಣ್ಣಾರೆ ಕಂಡೀನಿ.

ಆವಾಗ ನನಗ ಅಟ್ಟದ ಗಂಟು ನೆಪ್ಪಾತು.

ಅಪ್ಪ ಸಿರುಗುಪ್ಪದಿಂದ ಹೊಸ ಅಕ್ಕಿ ಕಳಿಸಿದ್ದ. ಹೊಸ ಅಕ್ಕಿ ಅನ್ನ ಮುದ್ದಿ ಆಗ್ತೈತಿ. ನಿಮ್ಮ ಅಪ್ಪನ ಅಕ್ಕಿ ಗೋಡಿಗೆ ಕಾಗದ ಅಂಟಿಸಾಕ ಚೊಲೋ ಅಂತ ಅತ್ತಿ ಅಂತಿದ್ಳು. ಅಚ್ಚಿಗೆ ಅಂಥಾದ್ದೇ ಬೇಕು. ಅತ್ತಿ ನಸುಕಿನ್ಯಾಗ ಎದ್ದು ಗುಡಿಗೆ ಹೋದ್ರ ಅಲ್ಲಿ ಕಟ್ಟಿ ಮ್ಯಾಲೆ ಕುಂತು ಊರ ಸೊಸ್ಯಾರ್ನೆಲ್ಲಾ ಹರಾಜು ಹಾಕಿ ಬರಾಕ ಹೊತ್ತು ಏರ್ತಿತ್ತು. ಅಷ್ಟರಾಗ ನಾನು ಗಿಣಿ ಅಚ್ಚು ಇಳಿಸಿ, ಒಳಗ ಎಣ್ಣಿ ಸವರಿ, ಕೊತ್ತಂಬರಿ ಚಟ್ನಿ ಕಲಸಿದ ಅನ್ನ ಎರಡೂ ಹೋಳಿಗೆ ತುಂಬಿ ಜೋಡಿಸಿ ಒತ್ತಿದೆ. ಮೆಲ್ಲಕ ಬಿಚ್ಚಿದ್ರ ಅಂಗೈ ಮ್ಯಾಲೆ ಹಸರು ಗಿಣಿ. ಕರಿಎಳ್ಳಿನ ಕಣ್ಣು, ಗಜ್ಜರಿ ಕೊಕ್ಕು. ಮಗಳು ಹಲ್ಲು ತಿಕ್ಕೋದು ಬಿಟ್ಟು ಬಂದು ನಿಂತು, ಅವ್ವ ಇದು ನಂದಾ, ಅಂತ ಕೇಳಿದ್ಳು.

ಆವತ್ತು ಡಬ್ಬಿ ತೊಳದಂಗ ಬಂತು. ಕುಳ್ಳು ಅಂದಾಕಿ ಬಾಲ ಒಂಚೂರು ಕೊಡು ಅಂತ ಕೈ ಚಾಚಿದಳಂತ. ಇವಳು ಆಕಿ ಮುಂದೇ ಬಾಲ ಮೊದಲು ಬಾಯಿಗೆ ಹಾಕಿಕೊಂಡಳಂತ. ನನ್ನ ಮಗಳು ಅಂದ್ರ ಹಂಗಿರಬೇಕು. ಮುಂದ ದಿನಾ ಒಂದೊಂದು ಆತು, ಮೊಸರನ್ನದ ಕುದುರಿ, ಅರಿಶಿಣ ಒಗ್ಗರಣಿ ಅನ್ನದ ನವಿಲು, ಬೆಲ್ಲದನ್ನದ ಆನಿ. ಅಚ್ಚು ತೊಳದು, ಒಲಿ ಬಾಜೂಕ ಆರಿಸಿ, ಅತ್ತಿ ಬರೋದರಾಗ ಗಂಟು ಕಟ್ಟಿ ಏರಿಸಿಬಿಡ್ತಿದ್ದೆ. ಮಗಳ ಕೆನ್ನಿ ತುಂಬಿಕೊಂತು. ಬಜಾರದಾಗ ಅಂಗಡಿ ಬೋರ್ಡೆಲ್ಲಾ ಕೂಡಿಸಿ ಕೂಡಿಸಿ ಓದ್ತಿದ್ಳು. ಅತ್ತಿ ಖಾಲಿ ಡಬ್ಬಿ ತಿರುಗಿಸಿ ಮುರುಗಿಸಿ ನೋಡ್ತಿದ್ಳು.

ಗೌರಿ ಹುಣ್ಣಿಮಿ ಬಂತು. ಅತ್ತಿ ಗಂಟು ಇಳಿಸಿ ಬಿಚ್ಚಿದ್ಳು. ಆನಿ ಕಿವ್ಯಾಗ ಒಂದು ಅಗಳು ಒಣಗಿ ಕುಂತಿತ್ತು. ನಾನೆಷ್ಟು ತಿಕ್ಕಿದ್ರೂ ಆ ಸಂದಿಗೆ ನನ್ನ ಬೆರಳು ಹೋಗಿರಲಿಲ್ಲ. ಅದನ್ನ ಉಗುರ ತುದೀಲೆ ಕಿತ್ತು ನನ್ನ ಮುಖದ ಮುಂದ ಹಿಡಿದು, ಇದೇನು ಅಂದ್ಳು. ಅನ್ನ ಅಂದೆ. ಯಾಕ ಸುಳ್ಳು ಹೇಳ್ಲಿ?

"ಮೀಸಲು ಮುರಿದಿ. ಗೌರಿ ಬಾಯಿಗಿಂತ ಮೊದಲು ನಿನ್ನ ಮಗಳ ಬಾಯಿಗೆ ಕೊಟ್ಟಿ. ಇನ್ನ ನಿನ್ನ ಕೈಯಾಗಿನ ನೀರೂ ನನಗ ಬ್ಯಾಡ."

ಆವತ್ತೇ ಹೊರಗ ಬ್ಯಾರೆ ಒಲಿ ಹೂಡಿದ್ಳು. ಹೋಗೋರಿಗೆ ಬರೋರಿಗೆ ಕೂಗಿ ಕೂಗಿ ಹೇಳಿದ್ಳು, ಸೊಸಿ ದೇವರ ಅಚ್ಚು ಮುಸುರಿ ಮಾಡ್ಯಾಳ ಅಂತ. ಬಾಜೂಮನಿ ಸಾಬರ ಹೆಣ್ಮಗಳು, ಕೂಸು ಉಂಡಿತಲ್ಲಬೇ, ಬಿಡು ಅಂದದ್ದಕ್ಕ ಆಕಿ ಜೋಡೀನೂ ಮಾತು ಬಿಟ್ಳು. ಕುರುಗೋಡದಿಂದ ಭಾವ ಬಂದ. ಕಾಲ ಮ್ಯಾಲೆ ಕಾಲು ಹಾಕಿ ಕುಂತು ನ್ಯಾಯ ಹೇಳಿದ. ಅಚ್ಚು ಕುರುಗೋಡಿಗೆ ಒಯ್ದು ಶುದ್ಧ ಮಾಡಿ ಅಲ್ಲೇ ಇಡೋದು, ಹುಡುಗೀನ್ನೂ ಒಯ್ಯೋದು, ಅಲ್ಲೇ ಸಾಲಿಗೆ ಹೆಸರು ಹಚ್ಚೋದು, ಬ್ಯಾಸಗಿ ಕಳದ ಮ್ಯಾಲೆ ವಾಪಸ್. ಡಬ್ಬಿ ಖಾಲಿ ಬಂದ್ರ ಇಲ್ಲೇ ಇರ್ಲಿ ಅಂದವ ನನ್ನ ಗಂಡ ಅಲ್ಲೇ ಕುಂತಿದ್ದ. ಗ್ರೀಸ್ ಹತ್ತಿದ ಉಗುರು ನೋಡಿಕೊಂತ ಕುಂತಿದ್ದ. ನಾನು ಕಳಸಂಗಿಲ್ಲ ಅಂತ ಭಾವನ ಮುಖಕ್ಕೇ ಹೇಳಿ ಮಗಳನ್ನ ಒಳಗ ಕರಕೊಂಡೆ.

ಅದೇ ವಾರ ಸಿರುಗುಪ್ಪದಿಂದ ಸುದ್ದಿ ಬಂತು, ಅಪ್ಪ ಹಾಸಿಗಿ ಹಿಡಿದಾನ ಅಂತ. ಸಾಲಿ ತಪ್ಪಬಾರದು ಅಂತ ಮಗಳನ್ನ ಗಂಡನ ಕೈಗೆ ಒಪ್ಪಿಸಿ ಹೋದೆ. ನಾನು ಅಲ್ಲಿ ಅಪ್ಪಗ ಗಂಜಿ ಕಾಸೋದರಾಗ ಇವರು ಇಲ್ಲಿ ನನ್ನ ಮಗಳ ಅರಿವಿ ಗಂಟು ಕಟ್ಟಿ ಕುರುಗೋಡದ ಬಸ್ ಹತ್ತಿಸಿದ್ರು. ಅತ್ತಿ ಅಚ್ಚಿನ ಗಂಟು ತೊಡಿ ಮ್ಯಾಲೆ ಇಟ್ಟುಕೊಂಡು ತಾನೂ ಹೋದಳಂತ. ಗಂಡ ಇದನ್ನ ಸಿರುಗುಪ್ಪಕ್ಕ ಬಂದು, ಹೊರಗ ಕಟ್ಟಿ ಮ್ಯಾಲೆ ಕುಂತು, ನೆಲ ನೋಡಿಕೊಂತ ಹೇಳಿದ. ಸಾಲಿಗೆ ಹಚ್ಚ್ಯಾರ, ಆರಾಮ ಅದಾಳ, ನೀನು ಹೋದ್ರ ಅಳ್ತಾಳ, ಹೋಗಬ್ಯಾಡ ಅಂದ. ಅಪ್ಪನ್ನ ಬಿಟ್ಟು ಏಳಂಗಿರಲಿಲ್ಲ ನಾನು. ಆಮ್ಯಾಲೆ ಅಮಾಸಿಗೊಮ್ಮೆ ತಾನು ಹೋಗಿ ಕಣ್ಣಾರೆ ನೋಡಿ ಬಂದೂ ಅದನ್ನೇ ಹೇಳಿದ. ಅದನ್ನ ನಾನು ಇವತ್ತಿಗೂ ಮರೆತಿಲ್ಲ.

ಬ್ಯಾಸಗ್ಯಾಗ ಅಪ್ಪ ತೀರಿಕೊಂಡ. ಕಾರ್ಯ ಮುಗಿಸಿ ಬಳ್ಳಾರಿಗೆ ಬಂದೆ. ಸಾಲಿ ಶುರುವಾದ್ವು. ಮಗಳು ಬರಲಿಲ್ಲ. ಬರೋ ವಾರ ತರೂಣು ಅಂದ ಗಂಡ, ಮತ್ತ ಬರೋ ವಾರ ಅಂದ. ಒಂದು ಮುಂಜಾನಿ ಅವ ಅಂಗಡಿ ಬಾಗಲಾ ತಗಿಯೋದರಾಗ ನಾನು ಎರಡು ರೊಟ್ಟಿ ಬಡದು, ಚಟ್ನಿಪುಡಿ ಹಚ್ಚಿ ಅರಿವ್ಯಾಗ ಸುತ್ತಿಕೊಂಡು ಕುರುಗೋಡದ ಮೊದಲನೇ ಬಸ್ ಹತ್ತಿದೆ. ಸಿಟ್ಟಿನಾಗ ಒಂದು ರೊಟ್ಟಿ ಸೀದು ಕರ್ರಗಾಗಿತ್ತು.

ಭಾವನ ಮನಿ ಬಾಗಲಾ ತೆರದಿತ್ತು. ಅಡಗಿಮನ್ಯಾಗ ಅತ್ತಿ ನನಗ ಬೆನ್ನು ಮಾಡಿ ಕುಂತಿದ್ಳು. ಕೈಯಾಗ ಗಿಣಿ ಅಚ್ಚು. ಎಣ್ಣಿ ಸವರಿ, ಹಸರನ್ನ ತುಂಬಿ, ಜೋಡಿಸಿ, ಒತ್ತಿ, ಮೆಲ್ಲಕ ಬಿಚ್ಚಿದ್ಳು. ನನ್ನ ಕೊತ್ತಂಬರಿ ಚಟ್ನಿ, ನನ್ನ ಕರಿಎಳ್ಳಿನ ಕಣ್ಣು. ನೆಗೆಣ್ಣಿ ಡಬ್ಬಿ ಹಿಡಿದು ನಿಂತಿದ್ಳು. ಬಾಗಲ ಸಂದ್ಯಾಗ ನನ್ನ ಮಗಳು ಆ ಗಂಡು ಹುಡುಗನ್ನ ಟೊಂಕದ ಮ್ಯಾಲೆ ಎತ್ತಿಕೊಂಡು ಡಬ್ಬಿಗೆ ಕಾಯ್ತಿದ್ಳು. ಭಾರಕ್ಕ ಒಂದು ಕಡೆ ಬಾಗಿದ್ಳು. ತಲಿ ತುಂಬ ಹೇನು, ಮೈಯಾಗ ಹೋದ ವರ್ಷದ ಸಾಲಿ ಲಂಗ, ಅದೂ ಹರಿದಿದ್ದು. ಕೆನ್ನಿ ಒಳಗ ಹೋಗಿದ್ವು.

ನೆಗೆಣ್ಣಿ ನನ್ನ ನೋಡಿ ಗಾಬರಿಯಾಗಿ, ಕೇಳದಿದ್ರೂ ಎಲ್ಲಾ ಒದರಿಬಿಟ್ಳು. ಹುಡುಗನ್ನ ಬಾಲವಾಡಿಗೆ ಹಾಕ್ಯಾರಂತ. ಬರೇ ಅನ್ನ ಮುಟ್ಟಂಗಿಲ್ಲಂತ, ಗಿಣಿ ಇದ್ರೇ ಉಣ್ತಾನಂತ, ಅದನ್ನ ಮಾಡೋದು ಹ್ಯಾಂಗ ಅಂತ ಇವಳನ್ನೇ ಕೇಳಿ ಕಲಿತಾರಂತ. ನನ್ನ ಮಗಳು ಅವನ್ನ ಹೊತ್ತುಕೊಂಡು ಹೋಗಿ, ಗಂಟಿ ಬಾರಿಸೋತನಕ ಹೊರಗ ಕುಂತು, ಉಣಿಸಿ ವಾಪಸ್ ತರ್ತಾಳಂತ. ಬಾಳ ಶ್ಯಾಣ್ಯಾ ಹುಡುಗಿ ಅಂತ ಹೊಗಳಿಕೆ ಬ್ಯಾರೆ. ಇವಳ ಸಾಲಿ ಎಲ್ಲಿ ಅಂತ ಕೇಳಿದೆ. ನೆಗೆಣ್ಣಿ ಡಬ್ಬಿ ಮುಚ್ಚಳ ಹುಡುಕಾಕ ಹತ್ತಿದ್ಳು. ಹೆಸರೇ ಹಚ್ಚಿರಲಿಲ್ಲ.

ನಾನು ಅತ್ತಿ ಕೈಯಾಗಿನ ಅಚ್ಚು ನೋಡಿ, "ಈಗ ಮೀಸಲು ಮುರೀಲಿಲ್ಲೇನ್ರಿ?" ಅಂದೆ.

ಆಕಿ ಗಿಣೀನ್ನ ಡಬ್ಬ್ಯಾಗ ಕುಂದ್ರಿಸಿ, ಕೊಕ್ಕು ಸರಿಮಾಡಿ, ಆಮ್ಯಾಲೆ ತಲಿ ಎತ್ತಿದ್ಳು. "ಅವ ಗಂಡು ಹುಡುಗ. ಗೌರಿ ಏನೂ ಅನ್ನಂಗಿಲ್ಲ."

ಒಂದು ಕ್ಷಣ ಆ ಕಟ್ಟಿಗಿ ಅಚ್ಚು ಕಸಕೊಂಡು ಒಲ್ಯಾಗ ಹಾಕಬೇಕು ಅನ್ನಿಸಿತು. ಸುಳ್ಳು ಯಾಕ, ಆಕಿ ತಲಿ ಮ್ಯಾಲೆ ಹಾಕಬೇಕು ಅನ್ನಿಸಿತು. ಮಗಳ ಟೊಂಕದ ಮ್ಯಾಲಿನ ಹುಡುಗನ್ನ ತಗದು ಆಕಿ ತೊಡಿ ಮ್ಯಾಲೆ ಕುಂದ್ರಿಸಿ, ನಿಮ್ಮ ಮೊಮ್ಮಗನ್ನ ನೀವೇ ಹೊರ್ರಿ ಅಂದು ಮಗಳ ಕೈ ಹಿಡಿದೆ. ಅವರ ಮನ್ಯಾಗ ಒಂದು ತುಟುಕು ನೀರೂ ಕುಡೀಲಿಲ್ಲ. ಹುಡುಗ ಚೀರೋದು ಬಸ್ ಸ್ಟ್ಯಾಂಡ್ ಹಾದಿ ತಿರುಗೋತನಕ ಕೇಳ್ತಿತ್ತು.

ಬಸ್ಸಿನಾಗ ಕುಂತ ಮ್ಯಾಲೆ ಮಗಳು ನನ್ನ ತೊಡಿ ಮ್ಯಾಲಿನ ಗಂಟು ಮೂಸಿ ನೋಡಿ, ಕೇಳದೇ ಬಿಚ್ಚಿದ್ಳು. ರೊಟ್ಟಿ ಆರಿ ಬಿರುಸಾಗಿದ್ವು. ಒಂದನ್ನ ತಿಂದ್ಳು. ಸೀದದ್ದಕ್ಕೂ ಕೈ ಹಾಕಿದ್ಳು. ಅದು ಬ್ಯಾಡ, ಕರ್ರಗೈತಿ, ನಾಳೆ ಲೋಟ ಒತ್ತಿ ಚಂದ್ರ ಮಾಡಿಕೊಡ್ತೀನಿ ಅಂದೆ. ಆಕಿ ಅಗಿಯೋದು ನಿಲ್ಲಿಸಲಿಲ್ಲ.

"ಹ್ಯಾಂಗಿದ್ರೂ ತಿಂತೀನವ್ವ. ನಾಳೆ ಸಾಲಿಗೆ ಕಳಸ್ತಿ ಹೌದಿಲ್ಲೋ?"

ಕಳಸ್ತೀನಿ ಅಂದೆ. ಅರಿವ್ಯಾಗ ಉಳಿದ ಚಟ್ನಿಪುಡೀನ್ನೂ ಬೆರಳು ಒತ್ತಿ ಒತ್ತಿ ನೆಕ್ಕಿದ್ಳು.

ಮರುದಿನ ನಾನೇ ಸಾಲಿಗೆ ಹೋಗಿ ಕುಂದ್ರಿಸಿ ಬಂದೆ. ಮತ್ತ ಎರಡನೇ ಕ್ಲಾಸೇ, ತನಗಿಂತ ಸಣ್ಣ ಹುಡುಗರ ನಡುವ. ಗಂಡ ತಕರಾರು ತಗೀಲಿಲ್ಲ, ತಗದಿದ್ರ ಆವತ್ತು ಅವನ ಗ್ರಹಚಾರ ನೆಟ್ಟಗಿರ್ತಿರಲಿಲ್ಲ. ಡಬ್ಬಿ ದಿನಾ ಖಾಲಿ ಬರ್ತಿತ್ತು. ನಾನು ಚಂದ್ರ ಮಾಡಿದ್ರೂ ಅಷ್ಟೇ, ಬರೇ ರೊಟ್ಟಿ ಮಡಚಿ ಹಾಕಿದ್ರೂ ಅಷ್ಟೇ. ಆಕಿ ನೋಡ್ತಿರಲಿಲ್ಲ, ತಿಂತಿದ್ಳು.

ಅತ್ತಿ ಸಾಯೋತನಕ ಮದುವಿ ಮುಂಜಿವ್ಯಾಗ ಬೀಗರ ನಡುವ ಕುಂತು ಒಂದು ಮಾತು ಹೇಳ್ತಿದ್ಳು. ಬಳ್ಳಾರ್ಯಾಗ ರೊಟ್ಟಿ ಮುಟ್ಟಲಾರದ ಹುಡುಗಿಗೆ ಕುರುಗೋಡದಾಗ ನಾನೇ ತಿನ್ನಾಕ ಕಲಿಸಿದ್ದು ಅಂತ. ಬೀಗರು ಹೌದೌದು ಅಂತಿದ್ರು. ಅದು ಖರೇನೂ ಹೌದು, ಆಕೀನೇ ಕಲಿಸಿದ್ದು. ಅದಕ್ಕೇ ನಾನು ಆಕೀನ್ನ ಸತ್ತ ಮ್ಯಾಲೂ ಕ್ಷಮಿಸಿಲ್ಲ.