ಕಳೆ ಮಿಷನ್ ಕಟ್ಟಿದ ದೋಣಿ

ಘಟ್ಟದ ಕೆಳಗೆ, ಇನ್ನೇನು ಸಮುದ್ರ ಸೇರಬೇಕು ಅನ್ನುವ ಒಂದು ಹೊಳೆಯಲ್ಲಿ ಈಗ ಸಣ್ಣ ದೋಣಿಗಳೆಲ್ಲ ಕಾಫಿ ತೋಟದ ಕಳೆ ಹೊಡೆಯುವ ಮಿಷನ್ನಿನ ಸದ್ದು ಮಾಡಿಕೊಂಡು ಓಡಾಡುತ್ತವೆ. ಆ ದೋಣಿಗಳ ಹಣೆಬರಹ ಬದಲಿಸಿದವನು ಗೋಣಿಬೀಡು ರಸ್ತೆಬದಿಯ ನಮ್ಮ ಮೆಕ್ಯಾನಿಕ್. ಅವನಿಗೆ ನೀರು ಕಂಡರೆ ಆಗುವುದಿಲ್ಲ. ಹೀಗೆಂದರೆ ಜನ ನಗುತ್ತಾರೆ. ನಗಲಿ, ನಾನು ಅಲ್ಲಿದ್ದೆ.

ನಾನು ಎಸ್ಟೇಟಿನಲ್ಲಿ ರೈಟರ್, ಆಳುಗಳ ಹಾಜರಿ ಬರೆಯುವವನು. ಅವನು ಹದಿನೆಂಟನೇ ವಯಸ್ಸಿಗೆ ಚಾರ್ಮಾಡಿ ಘಾಟಿ ಹತ್ತಿ ಬಂದ ಕರಾವಳಿಯ ಬ್ಯಾರಿ ಹುಡುಗ. ಇಪ್ಪತ್ತು ವರ್ಷವಾದರೂ ಮರಳಿ ಇಳಿದಿರಲಿಲ್ಲ. ಮದುವೆ, ಮಕ್ಕಳು, ಸ್ಪ್ರೇ ಪಂಪು ಮತ್ತು ಕಳೆ ಮಿಷನ್ ರಿಪೇರಿಯ ಶೆಡ್ಡು ಎಲ್ಲ ಇಲ್ಲೇ. ಆದರೂ ನಮ್ಮವರಿಗೆ ಅವನು ‘ಕೆಳಗಿನವನು’. ಕೆಳಗಿನವರ ಬಗ್ಗೆ ನಮ್ಮಲ್ಲಿ ಯಾರೂ ವಿಚಾರಿಸದೆ ಒಪ್ಪಿಕೊಂಡ ಮಾತೊಂದಿದೆ: ಅವರಿಗೆಲ್ಲ ದೋಣಿ ಬರುತ್ತದೆ.

ನಮ್ಮ ಸಾಹುಕಾರರು ಹೋಮ್‌ಸ್ಟೇ ಶುರು ಮಾಡಿದ ಮೇಲೆ ತೋಟದ ಕೆರೆಗೆ ಒಂದು ಫೈಬರ್ ದೋಣಿ ತರಿಸಿದರು. ಲಾರಿಯಿಂದ ಇಳಿದದ್ದನ್ನು ಮೇಸ್ತ್ರಿ ಕೆರೆಯಲ್ಲಿ ಬೋರಲು ಹಾಕಿದ, ಒಳಗೆ ನೀರು ತುಂಬಬಾರದೆಂದು. ಅಷ್ಟು ನಮ್ಮ ಜ್ಞಾನ.

“ಅವ್ನನ್ನ ಕರೀರಿ ರೈಟ್ರೇ. ಕೆಳಗಿನವ್ನಲ್ವಾ, ದೋಣಿ ಅಂದ್ರೆ ನೀರು ಕುಡ್ದಷ್ಟು ಸಲೀಸು” ಎಂದರು ಸಾಹುಕಾರರು. ನಾನೂ ಹೌದು ಹೌದು ಎಂದೆ.

ಅವನು ಬಂದ. ಕೆರೆಯಿಂದ ಹತ್ತು ಮಾರು ದೂರದಲ್ಲಿ ನಿಂತು ದೋಣಿಯನ್ನು ಪರೀಕ್ಷೆ ಮಾಡಿದ. “ಹುಟ್ಟು ಹಾಕೂದೆಲ್ಲ ಹಳೇ ಕಾಲದ್ದು ಸಾವ್ಕಾರ್ರೆ. ಇದಕ್ಕೆ ಮೋಟರು ಬೇಕು, ನಾನೇ ಮಾಡಿ ಕೊಡ್ತೇನೆ” ಎಂದ. ಸಾಹುಕಾರರಿಗೆ ಖುಷಿಯೋ ಖುಷಿ.

ಎರಡು ತಿಂಗಳಾದರೂ ಮೋಟರಿಲ್ಲ. ದಿನಾ ಸಾಹುಕಾರರಿಂದ ಬೈಸಿಕೊಳ್ಳುವವನು ನಾನು. ಒಂದು ದಿನ ಸಿಟ್ಟು ನೆತ್ತಿಗೇರಿ ಅವನ ಶೆಡ್ಡಿಗೇ ಹೋದೆ. “ಎಂತ ಮಾರಾಯ ನಿಂದು? ಆ ದೋಣಿಗೆ ನೀನು ಒಂದು ಸಲನಾದ್ರೂ ಕಾಲಿಟ್ಟಿದ್ದೀಯ?”

ಅವನು ಪಾನಾ ಕೆಳಗಿಟ್ಟ. “ನಂಗೆ ನೀರು ಆಗೂದಿಲ್ಲ ರೈಟ್ರೇ. ಹೆದರಿಕೆ.”

“ಚಿಕ್ಕಂದಿನಲ್ಲಿ ಮುಳುಗಿದ್ಯಾ?”

“ಇಲ್ಲ.”

“ಮನೇಲಿ ಯಾರಿಗಾದ್ರೂ ಏನಾದ್ರೂ ಆಗಿತ್ತಾ?”

“ಇಲ್ಲ, ಎಲ್ರೂ ಗಟ್ಟಿ ಇದ್ದಾರೆ.”

“ಮತ್ತೆಂತದಕ್ಕೆ ಹೆದರಿಕೆ?”

“ಅದು ಅಲ್ಲಾಡ್ತದೆ.”

ನನಗೆ ನಗು ಬಂತು. ಆಮೇಲೆ ಅವನು ಹೇಳಿದ್ದು ಕೇಳಿ ನಗು ನಿಂತಿತು. ಅವನ ಮನೆ ಇರುವುದು ಒಂದು ಕುದ್ರುವಿನಲ್ಲಿ, ಹೊಳೆಯ ನಡುಗಡ್ಡೆಯಲ್ಲಿ. ದೋಣಿ ಬಿಟ್ಟರೆ ಬೇರೆ ದಾರಿಯಿಲ್ಲ. ಶಾಲೆಗೆ ಹೋಗುವಾಗ ದಿನಾ ತಾಯಿಯ, ಅವನ ಮಾತಿನಲ್ಲಿ ಉಮ್ಮನ, ಮಡಿಲಲ್ಲಿ ಮುಖ ಮುಚ್ಚಿಕೊಂಡು ದಾಟುತ್ತಿದ್ದನಂತೆ. ಕೊನೆಗೊಂದು ದಿನ ದಾಟಿದವನು, ಅಲ್ಲಾಡದ ನೆಲ ಹುಡುಕಿಕೊಂಡು ಇಲ್ಲಿಗೆ ಬಂದುಬಿಟ್ಟ. ಅಲ್ಲಿಂದೀಚೆಗೆ ಉಮ್ಮನೇ ವರ್ಷಕ್ಕೊಮ್ಮೆ ಬಸ್ಸು ಹತ್ತಿ ಕೊಟ್ಟಿಗೆಹಾರದವರೆಗೆ ಬರುತ್ತಿದ್ದರು. ಇಬ್ಬರೂ ಹೋಟೆಲಿನಲ್ಲಿ ನೀರುದೋಸೆ ತಿನ್ನುವುದು, ಅವರು ಒಣಮೀನಿನ ಪೊಟ್ಟಣ ಇವನ ಕೈಗಿಟ್ಟು ಮುಂದಿನ ಬಸ್ಸಿಗೆ ಇಳಿಯುವುದು. ಈ ವರ್ಷ ಅವರ ಮೊಣಕಾಲು ಹೋಗಿದೆ, ಬಸ್ಸಿನ ಮೆಟ್ಟಿಲು ಹತ್ತಲಾಗದು. ಅಣ್ಣಂದಿರು, ಸೊಸೆಯಂದಿರು, ಮೊಮ್ಮಕ್ಕಳು ಎಂದು ಮನೆ ತುಂಬ ಜನ. ಆದರೂ ಫೋನಿನಲ್ಲಿ ಮೊದಲ ಸಲ, “ನೀನೇ ಒಮ್ಮೆ ಬಾ” ಅಂದಿದ್ದಾರೆ.

“ಬಿದಿರು ಗಳ ಊರಿ ದಾಟಿದ್ರೆ ಇಪ್ಪತ್ತು ನಿಮಿಷ ಬೇಕು ರೈಟ್ರೇ. ನಂಗೆ ತಡೆಯೂದು ಮೂರೇ ನಿಮಿಷ. ಹಂಡೆಯಲ್ಲಿ ನೀರು ಅಲ್ಲಾಡಿಸಿ ನೋಡಿದ್ದೇನೆ.”

ಮೋಟರು ಸಾಹುಕಾರರ ಅತಿಥಿಗಳಿಗಲ್ಲ ಎಂದು ಆಗ ತಿಳಿಯಿತು. ಇಷ್ಟು ವರ್ಷ ದಿನಾ ಜೊತೆಗೆ ಚಹಾ ಕುಡಿದವನ ತಾಯಿಯ ವಿಷಯ ನನಗೆ ಗೊತ್ತಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ದೋಣಿಯಲ್ಲಿ ಕೂರುವ ಕೆಲಸ ನಾನು ಮಾಡುತ್ತೇನೆ ಎಂದೆ. ನನಗೂ ಈಜು ಬಾರದು.

ಗುಜರಿಗೆ ಬಿದ್ದಿದ್ದ ಒಂದು ಕಳೆ ಮಿಷನ್ನಿನ ಉದ್ದ ಕೊಳವೆಯ ತುದಿಗೆ, ಬ್ಲೇಡಿನ ಜಾಗದಲ್ಲಿ ಟೇಬಲ್ ಫ್ಯಾನಿನ ರೆಕ್ಕೆ ಕೂರಿಸಿದ. ಅವನು ದಡದಲ್ಲಿ, ನಾನು ದೋಣಿಯಲ್ಲಿ. ಮೊದಲ ಸಲ ರೆಕ್ಕೆ ಕಿತ್ತು ಹಾರಿ ರೊಬಸ್ಟಾ ಕಾಫಿ ಗಿಡಗಳ ನಡುವೆ ಬಿತ್ತು. ಎರಡನೇ ಸಲಕ್ಕೆ ಕಬ್ಬಿಣದ ರೆಕ್ಕೆ ಹಾಕಿದ. ದೋಣಿ ಹಿಂದಕ್ಕೆ ಓಡಿ ಪಂಪಿನ ಪೈಪಿಗೆ ಗುದ್ದಿತು. ನಡುವೆ ಅವಸರಕ್ಕೆ ಜಾವಳಿ ಊರಿನ ಗಿರಾಕಿಯೊಬ್ಬರ ಮಿಷನ್ನನ್ನೂ ಕಟ್ಟಿ ನೋಡಿದೆವು. ವಾಪಸು ಕೊಟ್ಟಾಗ ಅದರೊಳಗಿಂದ ಒಂದು ಕಪ್ಪೆಮರಿ ಹಾರಿತು. ಅವರು ಏನೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಅಂತೂ ಓಡಿತು. ಸಾಹುಕಾರರು ಪೂಜೆ ಇಟ್ಟರು. ಹೊಸ ಗಾಡಿಯ ಚಕ್ರಗಳಡಿ ನಿಂಬೆಹಣ್ಣು ಇಟ್ಟು ಹಾಯಿಸುವುದು ಪದ್ಧತಿ. ದೋಣಿಗೆ ಚಕ್ರವೆಲ್ಲಿದೆ? ಮೇಸ್ತ್ರಿ ನಾಲ್ಕು ಮೂಲೆಗೆ ನಾಲ್ಕು ಹಣ್ಣು ನೀರಿಗೆ ಬಿಟ್ಟ. ಅವು ತೇಲಿ ಹೋದವು. ಬಂದ ಅತಿಥಿಗಳ ಎದುರು ನಾನು ಅರ್ಧ ಗಂಟೆ ನಿಂಬೆಹಣ್ಣುಗಳ ಬೆನ್ನಟ್ಟಿ ಮೂರರ ಮೇಲೆ ದೋಣಿ ಹಾಯಿಸಿದೆ. ನಾಲ್ಕನೆಯದು ಸಿಗಲಿಲ್ಲ.

ಮರುವಾರವೇ, ಮೋಟರಿಗೆ ಸ್ವಲ್ಪ ರಿಪೇರಿ ಇದೆ ಎಂದು ಸಾಹುಕಾರರಿಗೆ ಸುಳ್ಳು ಹೇಳಿ, ಅದನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸು ಹತ್ತಿದೆವು. ಘಟ್ಟ ಇಳಿಯುವವರೆಗೂ ಅವನು ವಟವಟ ಮಾತಾಡುತ್ತಿದ್ದ. ಹೊಳೆಯ ವಾಸನೆ ಬಂದದ್ದೇ ಬಾಯಿ ಕಟ್ಟಿತು. ದೋಣಿ ಹತ್ತುವ ಕಡವಿನಲ್ಲಿ ಅವನ ಅಣ್ಣ ದೋಣಿ ತಂದಿದ್ದ. ದೋಣಿ ಹಗುರವಾದಷ್ಟೂ ಬೇಗ ಮುಟ್ಟಬಹುದೆಂದು ಗಳವನ್ನು ದಡದಲ್ಲೇ ಬಿಡಿಸಿದವನೂ ಇವನೇ. ನಾನು ಮೋಟರು ಹಿಡಿದೆ, ಅಣ್ಣ ಮುಂದೆ ಕೂತ. ಇವನು ನಡುವೆ ಕೂತು ಮುಖದ ಮೇಲೆ ಟವೆಲು ಹಾಕಿಕೊಂಡ. ಆಚೆ ದಡದಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅವನ ಉಮ್ಮ ಕೂತಿರುವುದು ಕಾಣುತ್ತಿತ್ತು.

ಒಂದು ನಿಮಿಷ ಚೆನ್ನಾಗಿ ಓಡಿತು. ಹೊಳೆಯ ನಟ್ಟನಡುವೆ ಮೋಟರು ನಿಂತಿತು.

“ಬಂತಾ?” ಎಂದ ಟವೆಲಿನೊಳಗಿಂದ.

“ಇಲ್ಲ.”

“ಮತ್ಯಾಕೆ ನಿಲ್ಸಿದ್ರಿ?”

“ನಾನು ನಿಲ್ಸಿಲ್ಲ. ಅದೇ ನಿಂತಿದೆ.”

ದೋಣಿ ನಿಧಾನಕ್ಕೆ ಸಮುದ್ರದ ಕಡೆ ತಿರುಗಿತು. “ಚೋಕು ಎಳ್ದಿದ್ರಾ?” ಎಂದು ಟವೆಲಿನೊಳಗಿಂದಲೇ ಕೇಳಿದ.

“ಎಳ್ದಿದ್ದೆ.”

“ಸ್ಟಾರ್ಟ್ ಆದ್ಮೇಲೆ ಬಿಟ್ರಾ?”

ಬಿಟ್ಟಿರಲಿಲ್ಲ.

ಟವೆಲು ಕಿತ್ತೆಸೆದು ಎದ್ದ. “ನಿಮ್ಗೆ ಎಷ್ಟು ಸಲ ಹೇಳ್ಬೇಕು!” ಎಂದು ನನ್ನನ್ನು ಪಕ್ಕಕ್ಕೆ ನೂಕಿದ. ಪ್ಲಗ್ಗು ಬಿಚ್ಚಿ, ಒರೆಸಿ, ಊದಿ, ಬಿಸಿಲಿಗೆ ಹಿಡಿದ. ಒಂದು ಕಾಲು ದೋಣಿಯ ಅಂಚಿನ ಮೇಲಿಟ್ಟು ನಿಂತು, ನನಗೆ ಗೊತ್ತಿರುವ ಭಾಷೆಯಲ್ಲೂ ಗೊತ್ತಿಲ್ಲದ ಭಾಷೆಯಲ್ಲೂ ಬೈದ. ಅಣ್ಣ ನನಗೆ ಸುಮ್ಮನಿರಿ ಎಂದು ಕಣ್ಸನ್ನೆ ಮಾಡಿದ. ನಾನು ಅಷ್ಟೂ ಬೈಗುಳ ತಿಂದೆ. ಕಾಲು ಗಂಟೆಗೆ ಕಡಿಮೆಯಿಲ್ಲ. ಮೋಟರು ಹತ್ತಿಕೊಂಡಾಗ ಅದನ್ನು ನನ್ನ ಕೈಗೆ ಕೊಡಲಿಲ್ಲ, ತಾನೇ ಹಿಡಿದು ನಡೆಸಿದ. ದಡ ಇನ್ನು ನಾಲ್ಕು ಮಾರು ಇದೆ ಅನ್ನುವಾಗ ತಾನೆಲ್ಲಿದ್ದೇನೆಂದು ಅವನಿಗೆ ಹೊಳೆಯಿತು. ಮುಖ ಬಿಳುಚಿತು. ಅಷ್ಟರಲ್ಲಿ ದೋಣಿ ಮರಳಿಗೆ ತಾಗಿತು.

ಇಳಿದವನು ಉಮ್ಮನ ಕುರ್ಚಿಯ ಪಕ್ಕ ಮರಳಿನಲ್ಲೇ ಕೂತುಬಿಟ್ಟ. ಅವರು ಅವನ ಬೆನ್ನಿಗೆ ಎರಡು ಪೆಟ್ಟು ಕೊಟ್ಟರು, ಕೈ ಅಲ್ಲೇ ಇಟ್ಟುಕೊಂಡು ಏನೋ ಹೇಳಿದರು. ನನಗೆ ಆ ಭಾಷೆ ಬಾರದು. ಅಣ್ಣ ತಿಳಿಸಿದ: “ರಿಪೇರಿಗೆ ಹೊಳೆ ಮಧ್ಯವೇ ಬೇಕಿತ್ತಾ? ಇಲ್ಲಿ ನನ್ನ ಹತ್ರ ತಂದು ಮಾಡ್ಬಹುದಿತ್ತಲ್ಲ, ನೋಡ್ತಾ ಕೂತಿರ್ತಿದ್ದೆ ಅಂತಿದ್ದಾರೆ.”

ನನಗೆ ಅಳು ಬಂತು. ಮರೆಮಾಚಲೂ ಹೋಗಲಿಲ್ಲ.

ಸಂಜೆಯ ಬಸ್ಸಿಗೆ ಇಬ್ಬರೂ ಮರಳುವುದೆಂದು ಮಾತಾಗಿತ್ತು. ನಾನೊಬ್ಬನೇ ಬಂದೆ. ಅವನು ಬಂದದ್ದು ಒಂಬತ್ತನೆಯ ದಿನ, ಬರಿಗೈಯಲ್ಲಿ. ಮೋಟರೆಲ್ಲಿ ಎಂದು ಸಾಹುಕಾರರು ಕೇಳಿದರು.

“ನಿಮ್ಗೆ ಬೇರೆ ಮಾಡಿ ಕೊಡ್ತೇನೆ ಸಾವ್ಕಾರ್ರೆ. ಅದು ಅಲ್ಲೇ ಇರ್ಲಿ, ಆ ಹೊಳೆಯ ಬೇರೆ ದೋಣಿಯವ್ರೂ ಇಂಥದ್ದೇ ಬೇಕಂತಿದ್ದಾರೆ. ಮುಂದಿನ ತಿಂಗ್ಳು ನಂಗೆ ಹೋಗ್ಲಿಕ್ಕುಂಟು” ಎಂದ.