ಕುಂಕುಮ ಹತ್ತಿದ ಸುರುಳಿ

ನಾನು ಮೊದಲೇ ಪುಕ್ಕಲು. ಬೇರೆಯವರ ವಸ್ತು ಮನೆಯಲ್ಲಿದ್ದರೆ ಊಟ ಸೇರುವುದಿಲ್ಲ. ಇಸವಿ ಎರಡು ಸಾವಿರ ದಾಟಿ ನಾಲ್ಕೈದು ವರ್ಷವಾಗಿತ್ತು. ನಾವು ನೆಲೆಸಿದ್ದ ಪರದೇಶದ ಜಾನ್ಸನ್‌ವಿಲ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಯಹೂದಿ ಅಜ್ಜಿ, ಮಗಳನ್ನು ನೋಡಲು ಕ್ರೈಸ್ಟ್‌ಚರ್ಚ್‌ಗೆ ಹೊರಟಾಗ ತಮ್ಮ ಸುರುಳಿಯನ್ನು ನನ್ನ ಕೈಗಿಟ್ಟರು. ಚರ್ಮದ ಮೇಲೆ ಕೈಯಿಂದ ಬರೆದ, ಅವರ ಧರ್ಮಗ್ರಂಥದ ಎಸ್ತೇರ್ ರಾಣಿಯ ಕತೆ, ಅವರ ಹಬ್ಬಕ್ಕೆ ಓದುವಂಥದ್ದು. ಅದನ್ನು ಸುತ್ತಿಟ್ಟಿದ್ದು ಗೇಣುದ್ದದ ಬೆಳ್ಳಿಯ ಕೊಳವೆಯೊಳಗೆ. ಮೈತುಂಬ ಬಳ್ಳಿಯ ಕೆತ್ತನೆ, ಕೆಳಗೆ ಸುರುಳಿ ಸುತ್ತಲು ತಿರುಗಿಸುವ ಒಂದು ಹಿಡಿ, ಪಕ್ಕದಲ್ಲಿ ಸುರುಳಿ ಎಳೆದು ಓದಲು ಒಂದು ಸೀಳು. ಎರಡನೇ ಮಹಾಯುದ್ಧಕ್ಕೆ ಮುಂಚೆ ಅವರ ತಂದೆ ಊರು ಬಿಡುವಾಗ ಕೋಟಿನೊಳಗೆ ಬಚ್ಚಿಟ್ಟು ತಂದದ್ದು. ಆ ಮನೆಯದೆಂದು ಉಳಿದದ್ದು ಅದೊಂದೇ. ತೆಗೆಯಬೇಡ, ಬೆರಳಿನ ಜಿಡ್ಡಿಗೆ ಬರಹ ಕೆಡುತ್ತದೆ ಎಂದಿದ್ದರು. ನಾನು ಬೀರುವಿನಲ್ಲಿ, ರೇಷ್ಮೆ ಸೀರೆಗಳ ನಡುವೆ ಇಟ್ಟೆ.

ಮೈಸೂರಿನಿಂದ ಬಂದಿದ್ದ ಅಮ್ಮ ಸರಸ್ವತಿ ಪೂಜೆಗೆ ಸೀರೆ ತೆಗೆಯಲು ಹೋದವಳು ಅದನ್ನು ಕಂಡಳು. ಸಂಜೆ ನಾನು ಕೆಲಸದಿಂದ ಬರುವಷ್ಟರಲ್ಲಿ ದೇವರ ಮುಂದೆ, ನನ್ನ ಮಗಳ ಗಣಿತದ ಪುಸ್ತಕದ ಮೇಲೆ, ಕೊಳವೆ ಮಲಗಿತ್ತು. ಅರಿಸಿನ, ಕುಂಕುಮ, ಮೇಲೊಂದು ಹೂವು.

"ಪುಸ್ತಕ ಅಂದ್ಮೇಲೆ ಪೂಜೆ ಬೇಡ್ವೇನೆ? ಯಾರದ್ದಾದ್ರೇನು?" ಎಂದಳು.

ಹೂವು ಸರಿಸಿ ನೋಡಿದೆ. ಬಳ್ಳಿಯ ಸಂದಿಯಲ್ಲೆಲ್ಲ ಕುಂಕುಮ, ಸೀಳಿನ ಅಂಚಿನಲ್ಲೂ. ಒಳಗೆ ಇಳಿದಿದೆಯೋ ಎಂದು ನೋಡೋಣವೆಂದರೆ ತೆಗೆಯುವಂತಿಲ್ಲ. ಎಳೆದಾಗ ಪುಡಿ ಅಕ್ಷರಗಳ ಮೇಲೇ ಉಜ್ಜಿಹೋದರೆ? ಒರೆಸಿ ಸುಮ್ಮನಿದ್ದುಬಿಡೋಣ ಎಂದು ಬಟ್ಟೆ ಹಿಡಿದೆ. ಒರೆಸಿದಷ್ಟೂ ಪುಡಿ ಸೀಳಿನ ಕಡೆಗೇ ಸರಿಯಿತು. ಕೈಬಿಟ್ಟೆ. ಅಜ್ಜಿ ಬರುವುದು ಮರುದಿನ.

ಬಂದವರಿಗೆ ಎಲ್ಲ ಹೇಳಿದೆ. ಅವರು ದೇವರ ವಿಗ್ರಹವನ್ನೂ ಕೊಳವೆಯನ್ನೂ ನೋಡಿದರು. ಊಟದ ಮೇಜಿಗೆ ಬಿಳಿ ಬಟ್ಟೆ ಹಾಸಿ, ಕೊಳವೆಯನ್ನು ಕೊಡವಿ, ಸುರುಳಿಯನ್ನು ಬೆರಳುದ್ದ ಎಳೆದರು. ಬರಹ ಶುರುವಾಗುವ ಮುಂಚಿನ ಖಾಲಿ ಜಾಗದಲ್ಲಿ ಒಂದು ಕೆಂಪು ಗೆರೆ. ಇನ್ನಷ್ಟು ಎಳೆದರು. ಅಕ್ಷರಗಳಿಗೆ ಏನೂ ಆಗಿರಲಿಲ್ಲ. ನಾನು ಉಸಿರು ಬಿಟ್ಟೆ, ಅವರು ಬಿಡಲಿಲ್ಲ.

"ನಮ್ಮಲ್ಲಿ ವಿಗ್ರಹಪೂಜೆ ನಿಷಿದ್ಧ, ನೀವು ಇದನ್ನು ವಿಗ್ರಹದ ಮುಂದೆ ಇಟ್ಟಿದ್ದೀರಿ. ನನ್ನ ತಂದೆ ಇದ್ದಿದ್ದರೆ ಸಹಿಸುತ್ತಿರಲಿಲ್ಲ," ಎಂದರು ಇಂಗ್ಲಿಷಿನಲ್ಲಿ.

ಆಗಷ್ಟೇ ಪೂಜೆ ಮುಗಿಸಿ ಬಂದ ಅಮ್ಮ, ಏನಂತೆ ಎಂದು ಕೇಳಿದಳು. ಅಜ್ಜಿಗೆ ಸಂತೋಷವಾಯಿತಂತೆ ಎಂದು ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಮ್ಮನ ಮುಖ ಬಿಳಿಚಿತು. ಪುಸ್ತಕಕ್ಕೆ ಕಾಲು ತಾಗಿದಾಗ ಮಾಡುವ ಹಾಗೆ, ಆ ಸುರುಳಿಯ ಮುಂದೆ ನಿಂತು, "ತಪ್ಪಾಯ್ತಪ್ಪಾ, ತಪ್ಪಾಯ್ತು," ಎಂದು ಎರಡೂ ಕೆನ್ನೆ ಬಡಿದುಕೊಳ್ಳತೊಡಗಿದಳು. ಜೋರಾಗಿಯೇ ಬಡಿದುಕೊಂಡಳು.

ಅಜ್ಜಿ ಬೆಚ್ಚಿ ಎದ್ದು ಅಮ್ಮನ ಎರಡೂ ಕೈ ಹಿಡಿದರು. ಅಮ್ಮನ ಬೆರಳಿನ ಕುಂಕುಮ ಅವರ ಬೆರಳಿಗೂ ಹತ್ತಿತು. ಅದನ್ನು ನೋಡಿಕೊಂಡರು, ಆದರೆ ಅಮ್ಮನ ಕೈ ಬಿಡಲಿಲ್ಲ.

"ಕೈ ತೊಳೆದುಕೊಂಡು ಬಾ," ಎಂದರು ನನಗೆ. "ಹಿಡಿ ತಿರುಗಿಸಿ ಸುರುಳಿಯನ್ನು ನೀನೇ ಒಳಗೆ ಸುತ್ತು."